ಹಳೆಯ ಅಂಬಾಸಿಡರ್: ಸ್ವಿಚ್ ಬದಲಿಸುವ ಮುನ್ನ

ಪ್ರಶ್ನೆ: ಅಪ್ಪನ ಕಾಲದ ಅಂಬಾಸಿಡರ್. ಕೀ ತಿರುಗಿಸಿದರೆ ಒಮ್ಮೆ ಸ್ಟಾರ್ಟ್ ಆಗುತ್ತದೆ, ಒಮ್ಮೆ ಸದ್ದೇ ಇಲ್ಲ. ಲೈಟು ಮಾತ್ರ ಚೆನ್ನಾಗಿ ಉರಿಯುತ್ತದೆ. ಸ್ವಿಚ್ ರಿಪೇರಿ ಮಾಡಿಸಲೇ, ಬದಲಿಸಲೇ?
– ಓದುಗರು, ಗಳಗನಾಥ

ಉತ್ತರ: ಸ್ವಿಚ್ಚೇ ಕೆಟ್ಟಿದೆಯೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಬ್ಯಾಟರಿ ಟರ್ಮಿನಲ್ ಮೇಲೆ ಕಟ್ಟಿದ ಬಿಳಿ ಪುಡಿಯನ್ನು ಬಿಸಿನೀರಲ್ಲಿ ತೊಳೆದು, ಒರೆಸಿ, ಬಿಗಿ ಮಾಡಿ. ಎಂಜಿನ್‌ನ ಅರ್ಥ್ ಪಟ್ಟಿಯನ್ನೂ ನೋಡಿ. ಗಾಡಿ ನಿಂತಾಗ ಬ್ಯಾಟರಿಯಲ್ಲಿ 12.6 ವೋಲ್ಟ್ ಆಸುಪಾಸು ಇರಬೇಕು.

ಆಮೇಲೆ ಗೇರ್ ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಇನ್ನೊಬ್ಬರಿಗೆ ಕೀ ತಿರುಗಿಸಲು ಹೇಳಿ. ಸಾಲಿನಾಯ್ಡ್‌ಗೆ ಬರುವ ಸಣ್ಣ ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ದೀಪ ಹತ್ತದಿದ್ದರೆ ದೋಷ ಸ್ವಿಚ್‌ನಲ್ಲಿ ಅಥವಾ ಅದರ ವೈರಿನಲ್ಲಿ. ಹತ್ತಿಯೂ ಸ್ಟಾರ್ಟರ್ ತಿರುಗದಿದ್ದರೆ ಸಾಲಿನಾಯ್ಡ್ ಇಲ್ಲವೇ ಮೋಟಾರ್ ನೋಡಿಸಿ. ಸ್ವಿಚ್‌ಗೆ ದುಡ್ಡು ಸುರಿಯಬೇಡಿ.

ಸ್ವಿಚ್ ಬಿಚ್ಚುವ ಮೊದಲು ಬ್ಯಾಟರಿಯ ಅರ್ಥ್ ವೈರು ತೆಗೆಯಿರಿ. ತೀರಾ ಹಳೆಯ ಗಾಡಿಗಳಲ್ಲಿ ಪ್ಲಸ್ ಅರ್ಥ್ ಇರಬಹುದು, ಗಮನಿಸಿ. ವೈರುಗಳ ಫೋಟೊ ತೆಗೆದಿಟ್ಟುಕೊಳ್ಳಿ. ಒಳಗಿನ ಹಿತ್ತಾಳೆ ಬಿಂದುಗಳು ಬರೀ ಕಪ್ಪಾಗಿದ್ದರೆ ನಯವಾದ ಎಮರಿ ಕಾಗದದಿಂದ ಉಜ್ಜಿದರೆ ಸಾಕು. ಸುಟ್ಟು ಗುಳಿ ಬಿದ್ದಿದ್ದರೆ, ಕೀ ಸಡಿಲಾಗಿದ್ದರೆ ಬದಲಿಸುವುದೇ ಲೇಸು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿದೆ. ಹಾಗಾಗಿ ಹಳೆಯ ಸ್ವಿಚ್ಚನ್ನು ಕೈಯಲ್ಲೇ ಹಿಡಿದು ಅಂಗಡಿಗೆ ಹೋಗಿ, ಟರ್ಮಿನಲ್‌ಗಳನ್ನು ಹೋಲಿಸಿ ಕೊಳ್ಳಿ. ಜತೆಗೊಂದು ರಿಲೇ ಹಾಕಿಸಿದರೆ ಹೊಸ ಸ್ವಿಚ್ ಮೇಲಿನ ಹೊರೆ ತಗ್ಗುತ್ತದೆ.

ಕೀ ಬಿಟ್ಟರೂ ಸ್ಟಾರ್ಟರ್ ತಿರುಗುತ್ತಲೇ ಇದ್ದರೆ, ಸುಟ್ಟ ವಾಸನೆ ಬಂದರೆ ಅಥವಾ ವೈರಿನ ಕವಚ ಪುಡಿಪುಡಿಯಾಗಿದ್ದರೆ ತಕ್ಷಣ ಬ್ಯಾಟರಿ ಕಳಚಿ. ಮುಂದಿನ ಕೆಲಸವನ್ನು ಹಾವೇರಿ ಅಥವಾ ರಾಣೆಬೆನ್ನೂರಿನ ಅನುಭವಿ ಆಟೊ ಎಲೆಕ್ಟ್ರಿಷಿಯನ್‌ಗೇ ಒಪ್ಪಿಸಿ.