ಮೂಡುಕೊಣಾಜೆಯ ಕಲ್ಲಿನ ಗೋರಿಗಳು

ಮೂಡುಬಿದಿರೆ ಎಂದ ಕೂಡಲೇ ನಾವು ಸಾವಿರ ಕಂಬದ ಬಸದಿ ಎನ್ನುತ್ತೇವೆ. ಅದು 1430ರದ್ದು. ಅದಕ್ಕಿಂತ ಎರಡು ಸಾವಿರ ವರ್ಷ ಹಳೆಯದು ಶಿರ್ತಾಡಿ ರಸ್ತೆಯಲ್ಲಿ ಉಂಟು!

ಮೂಡುಕೊಣಾಜೆಯ ಕಲ್ಲುಗುಡ್ಡೆಯ ಇಳಿಜಾರಿನಲ್ಲಿ ಬೃಹತ್ ಶಿಲಾಯುಗದವರ ಗೋರಿಗಳಿವೆ. ಸುತ್ತಲೂ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದರೆ ಅದೇ ಕಲ್ಮನೆ. ಇವನ್ನು ಮೊದಲು ಬೆಳಕಿಗೆ ತಂದವರು ಡಾ. ಪುಂಡಿಕಾಯಿ ಗಣಪಯ್ಯ ಭಟ್ಟರು. ಒಟ್ಟು ಒಂಬತ್ತು. ಸರಿಯಾಗಿ ಉಳಿದದ್ದು ಎರಡೇ.

2023ರಲ್ಲಿ ಶಿರ್ವ ಕಾಲೇಜಿನ ಪ್ರೊ. ಟಿ. ಮುರುಗೇಶಿಯವರಿಗೆ ಇಲ್ಲಿ ಸುಟ್ಟ ಮಣ್ಣಿನ ಗೊಂಬೆಗಳು ಸಿಕ್ಕಿದವು. ಗೂಳಿ, ನವಿಲು, ಕುದುರೆ, ಮಾತೃದೇವತೆ. ಒಂದು ಗೂಳಿಗೆ ಮನುಷ್ಯನ ಮೈ! ನಮ್ಮ ಭೂತಾರಾಧನೆಯ ಬೇರು ಹುಡುಕಲಿಕ್ಕೆ ಇದು ಒಳ್ಳೆಯ ಆಧಾರವೆಂದು ಅವರ ಅಭಿಪ್ರಾಯ. ಕಾಲ ಕ್ರಿ.ಪೂ. 800-700. ದೊಡ್ಡ ರೋಮ್ ನಗರ ಹುಟ್ಟಿತೆಂದು ಹೇಳುವುದೂ ಕ್ರಿ.ಪೂ. 753ರಲ್ಲಿ, ನೋಡಿ.

ಇಂಥ ಕಲ್ಲಿನಡಿ ನಿಧಿ ಉಂಟೆಂದು ಕೆಲವರು ಅಗೆಯುತ್ತಾರೆ. ಚಿನ್ನ ಎಲ್ಲಿಂದ ಬರಬೇಕು? ಗೊಂಬೆ ಯಾವ ಗೋರಿಯಲ್ಲಿ, ಯಾವ ಮಣ್ಣಿನ ಪದರದಲ್ಲಿ ಇತ್ತು ಎಂಬುದರಿಂದಲೇ ಅದರ ಕಾಲ ಗೊತ್ತಾಗುವುದು. ಗುದ್ದಲಿ ಹಾಕಿದರೆ ಆ ಲೆಕ್ಕ ತಪ್ಪಿತು, ಮತ್ತೆ ಸಿಗಲಿಕ್ಕಿಲ್ಲ. ದನ ಮೇಯಿಸುವಾಗ ನಿಮ್ಮ ಗುಡ್ಡೆಯಲ್ಲಿ ಹೀಗೆ ನಿಲ್ಲಿಸಿದ ಚಪ್ಪಡಿ ಕಂಡರೆ ಮುಟ್ಟಬೇಡಿ, ನಮ್ಮ ಸಮಾಜ ಮಾಷ್ಟ್ರಿಗೆ ಹೇಳಿ.