‘ಪೊಲಿಸ್’ ಪರಿಕಲ್ಪನೆ ಮತ್ತು ಕನ್ನಡದ ‘ನಾಡು’: ಕೋಲಾರ ಸೀಮೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

1
ಪ್ರಾಚೀನ ಗ್ರೀಸಿನ ‘ಪೊಲಿಸ್’ ಎಂಬ ಪದಕ್ಕೆ ನಮ್ಮ ಪಠ್ಯಪುಸ್ತಕಗಳೂ ರಾಜ್ಯಶಾಸ್ತ್ರದ ಗ್ರಂಥಗಳೂ ‘ನಗರರಾಜ್ಯ’ ಎಂಬ ಸಮಾನಪದವನ್ನು ಬಳಸುತ್ತ ಬಂದಿವೆ. ಇದು ಇಂಗ್ಲಿಷಿನ ಮೂಲಕ ಬಂದ ಪದ. ‘ನಗರ’ ಎಂದೊಡನೆ ಹಳ್ಳಿಯು ಹೊರಗುಳಿಯುತ್ತದೆ; ‘ರಾಜ್ಯ’ ಎಂದೊಡನೆ ರಾಜನು ಒಳಬರುತ್ತಾನೆ. ಪೊಲಿಸ್‌ನ ವಿಷಯದಲ್ಲಿ ಇವೆರಡೂ ಬಹುಮಟ್ಟಿಗೆ ಸಲ್ಲುವುದಿಲ್ಲ. ಗ್ರೀಕ್ ಕೃತಿಗಳ ಕನ್ನಡ ಅನುವಾದಗಳನ್ನು ಪಾಠಮಾಡುವಾಗ ಇದರಿಂದ ಅರ್ಥವ್ಯತ್ಯಾಸವೇ ಉಂಟಾಗುತ್ತದೆ. ‘ನಾಡು’ ಎಂಬ ನಮ್ಮ ಶಾಸನೋಕ್ತ ಪದವು ಇಲ್ಲಿ ಎಷ್ಟರಮಟ್ಟಿಗೆ ನೆರವಾಗಬಲ್ಲುದೆಂಬುದನ್ನು ಪ್ರಸ್ತುತ ಲೇಖನದಲ್ಲಿ ಕೋಲಾರ ಸೀಮೆಯ ಹಿನ್ನೆಲೆಯಲ್ಲಿ ಪರಿಶೀಲಿಸಲಾಗಿದೆ.

2
ಕೋಪನ್‌ಹೇಗನ್ನಿನ ವಿದ್ವಾಂಸರು 2004ರಲ್ಲಿ ಪ್ರಕಟಿಸಿದ ಸೂಚಿಯಲ್ಲಿ 1,035 ಪೊಲಿಸ್‌ಗಳನ್ನು ಪಟ್ಟಿಮಾಡಲಾಗಿದೆ. ಅವುಗಳಲ್ಲಿ ಬಹುಪಾಲಿನ ವಿಸ್ತೀರ್ಣ 100 ಚದರ ಕಿಲೋಮೀಟರಿಗಿಂತ ಹೆಚ್ಚಿರಲಿಲ್ಲ. ಅಂದರೆ ನಮ್ಮ ಒಂದು ಹೋಬಳಿಗಿಂತಲೂ ಚಿಕ್ಕವು. ಅಥೆನ್ಸಿಗೆ ಸೇರಿದ ಅಟ್ಟಿಕ ಪ್ರದೇಶವು ಸುಮಾರು 2,500 ಚದರ ಕಿಲೋಮೀಟರುಗಳಷ್ಟಿದ್ದು, ಅಪವಾದವೆನ್ನುವಷ್ಟು ದೊಡ್ಡದಾಗಿತ್ತು. ಕ್ರಿ.ಪೂ. 508ರ ಸುಮಾರಿಗೆ ಕ್ಲೈಸ್ತನೀಸನು ಮಾಡಿದ ವ್ಯವಸ್ಥೆಯಲ್ಲಿ ಅಟ್ಟಿಕದ 139 ಊರು-ಕೇರಿಗಳು ಪೌರತ್ವದ ಘಟಕಗಳಾಗಿದ್ದವು. ದೂರದ ಮ್ಯಾರಥಾನ್ ಹಳ್ಳಿಯ ರೈತನೂ ಪೇಟೆಯ ಕುಂಬಾರನೂ ಸಮಾನವಾಗಿ ಅಥೇನಿಯನ್ನರು. ಗ್ರೀಕರ ಒಪ್ಪಂದಗಳಲ್ಲಿಯೂ ಸಾಮಾನ್ಯವಾಗಿ ಕಾಣಿಸುವುದು ‘ಅಥೆನ್ಸ್’ ಅಲ್ಲ, ‘ಅಥೇನಿಯನ್ನರು’. ನೆಲಕ್ಕಿಂತ ಜನಸಮುದಾಯವೇ ಇಲ್ಲಿ ಮುಖ್ಯ.

ಸಮಾನಪದದ ತೊಡಕು ಎಲ್ಲಿ ಎದುರಾಗುತ್ತದೆ ಎಂಬುದಕ್ಕೆ ಎರಡು ನಿದರ್ಶನಗಳನ್ನು ನೋಡಬಹುದು. ಮನುಷ್ಯನು ಪೊಲಿಸ್‌ನಲ್ಲಿ ಬಾಳುವ ಜೀವಿ ಎಂಬ ಅರಿಸ್ಟಾಟಲನ ಮಾತು ನಮ್ಮಲ್ಲಿ ‘ಮಾನವನು ಸಂಘಜೀವಿ’ ಎಂದಾಗಿದೆ. ಆದರೆ ಜೇನುನೊಣವೂ ಸಂಘಜೀವಿಯೇ. ನ್ಯಾಯಾನ್ಯಾಯಗಳನ್ನು ಮಾತಿನಲ್ಲಿ ವಿಚಾರಿಸುವ ಶಕ್ತಿಯಿಂದಾಗಿ ಮನುಷ್ಯನು ಜೇನುನೊಣಕ್ಕಿಂತ ಭಿನ್ನ ಎಂಬುದೇ ಅರಿಸ್ಟಾಟಲನ ವಾದ. ಅದು ಅನುವಾದದಲ್ಲಿ ಕಾಣೆಯಾಗಿದೆ. ಎರಡನೆಯದು ಸೋಫೋಕ್ಲೀಸನ ‘ಅಂತಿಗೊನೆ’. ಪಿ. ಲಂಕೇಶರ ಅನುವಾದದ ಮೂಲಕ ನಮಗೆ ಪರಿಚಿತವಾದ ಈ ನಾಟಕದ ಮೂಲದಲ್ಲಿ, ಒಬ್ಬನ ಸ್ವತ್ತಾದುದು ಪೊಲಿಸ್ ಆಗಲಾರದೆಂದು ಹೀಮನ್ ತಂದೆಯೊಡನೆ ವಾದಿಸುತ್ತಾನೆ. ಪೊಲಿಸ್ ಎಂದರೆ ‘ರಾಜ್ಯ’ ಎಂದು ವಿವರಿಸಿದರೆ ಈ ವಾದವೇ ಬಿದ್ದುಹೋಗುತ್ತದೆ. ರಾಜ್ಯವು ರಾಜನದೇ ಅಲ್ಲವೇ?

3
ಈಗ ಕೋಲಾರ ಸೀಮೆಯತ್ತ ಬರಬಹುದು. ಬಿ.ಎಲ್. ರೈಸರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವು ಈ ಜಿಲ್ಲೆಯ ಶಾಸನಗಳಿಗೆ ಮೀಸಲಾಗಿದೆ. ಗಂಗರು ‘ಕುವಳಾಲಪುರವರೇಶ್ವರ’ರೆಂದು ಕರೆದುಕೊಂಡರು, ಪುರವು ಅರಸನ ಬಿರುದಿನ ಭಾಗವಾಯಿತು. ‘ನಾಡು’ ಮತ್ತು ‘ಊರು’ ಎಂಬ ಪದಗಳ ಸ್ವರೂಪ ಬೇರೆ. ಶಾಸನಗಳಲ್ಲಿ ನಾಡು ಎಂದರೆ ಪ್ರದೇಶವೂ ಹೌದು, ಕೂಡಿ ತೀರ್ಮಾನಿಸುವ ನಾಡವರ ಸಮುದಾಯವೂ ಹೌದು. ಊರು ಎಂಬುದಕ್ಕೂ ಇದೇ ದ್ವಂದ್ವಾರ್ಥವುಂಟು. ಪ್ರದೇಶ ಮತ್ತು ಜನ ಎರಡನ್ನೂ ಒಂದೇ ಪದದಲ್ಲಿ ಹಿಡಿದಿಡುವ ಈ ಗುಣವು ‘ಪೊಲಿಸ್’ಗೆ ಹತ್ತಿರವಾದುದು.

ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದಂತಹ ಸ್ಥಳನಾಮಗಳೂ ಇಲ್ಲಿ ಗಮನಾರ್ಹ. ‘ಸಮುದ್ರ’ ಎಂಬ ಉತ್ತರಪದವು ಬಯಲುಸೀಮೆಯಲ್ಲಿ ಸಾಮಾನ್ಯವಾಗಿ ಕೆರೆಯನ್ನು ಸೂಚಿಸುತ್ತದೆ. ನದಿನೀರಿನ ಆಸರೆಯಿಲ್ಲದ ಈ ಸೀಮೆಯಲ್ಲಿ ಕೆರೆ, ತೂಬು, ಕಾಲುವೆಗಳ ಪಾಲನೆಯೇ ಊರನ್ನು ಊರಾಗಿಸಿದ ಸಾಮೂಹಿಕ ಕಾರ್ಯ. ‘ಬಿತ್ತುವಟ್ಟ’, ‘ಕಟ್ಟುಕೊಡಗೆ’ಗಳು ಅದಕ್ಕೆ ಸಂಬಂಧಿಸಿದ ಪಾರಿಭಾಷಿಕ ಪದಗಳು.

ಆದರೆ ಸಾಮ್ಯವನ್ನು ಅತಿಯಾಗಿ ಎಳೆಯಲಾಗದು. ನಾಡು ಗಂಗ, ನೊಳಂಬ, ಚೋಳ ಮೊದಲಾದ ಅರಸರ ಅಧೀನದಲ್ಲಿತ್ತು. ಯುದ್ಧ-ಸಂಧಿಗಳನ್ನು ತಾನೇ ನಿರ್ಧರಿಸುವ ಅಧಿಕಾರ ಅದಕ್ಕಿರಲಿಲ್ಲ. ಅಥೆನ್ಸಿನ ಜನಸಭೆಗೆ ಅದು ಇತ್ತು.

4
ಈ ವ್ಯತ್ಯಾಸವನ್ನು ಕೋಲಾರದ ಚಿನ್ನವೇ ಸ್ಪಷ್ಟಪಡಿಸುತ್ತದೆ. ಕ್ರಿ.ಪೂ. 483ರ ಸುಮಾರಿಗೆ ಲಾರಿಯಾನ್ ಗಣಿಯಲ್ಲಿ ಹೇರಳ ಬೆಳ್ಳಿ ದೊರೆತಾಗ, ತಲೆಗೆ ಹತ್ತು ದ್ರಾಕ್ಮಗಳಂತೆ ಹಂಚಿಕೊಳ್ಳುವ ಬದಲು ಹಡಗುಗಳನ್ನು ಕಟ್ಟಬೇಕೆಂಬ ಥೆಮಿಸ್ಟೋಕ್ಲೀಸನ ಸಲಹೆಯನ್ನು ಅಥೇನಿಯನ್ನರು ಒಪ್ಪಿದರೆಂದು ಹೆರೊಡೋಟಸ್ ಹೇಳುತ್ತಾನೆ. ಆ ಹಡಗುಗಳು ಕ್ರಿ.ಪೂ. 480ರಲ್ಲಿ ಸಲಾಮಿಸ್‌ನಲ್ಲಿ ಗೆದ್ದವು. ಬಿ.ಎಂ.ಶ್ರೀಯವರು ‘ಪಾರಸಿಕರು’ (1935) ಎಂದು ಕನ್ನಡಿಸಿದ ಈಸ್ಕಿಲಸನ ನಾಟಕದ ವಸ್ತು ಆ ಯುದ್ಧವೇ. ಕಾಮಸಮುದ್ರದ ನೆರೆಯ ಚಿನ್ನದ ಗಣಿಯಲ್ಲಿ 1880ರ ದಶಕದಿಂದ ಜಾನ್ ಟೇಲರ್ ಕಂಪನಿಯ ಆಡಳಿತವಿತ್ತು. ರಾಜಧನವು ಮೈಸೂರು ಸರ್ಕಾರಕ್ಕೂ ಲಾಭಾಂಶವು ಲಂಡನ್ನಿನ ಷೇರುದಾರರಿಗೂ ಸಂದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೂ, ಆ ಸಂಪತ್ತಿನ ವಿನಿಯೋಗವನ್ನು ಸುತ್ತಲಿನ ಊರವರು ಸಭೆ ಸೇರಿ ನಿರ್ಧರಿಸಿದ್ದಿಲ್ಲ.

ಇಷ್ಟರಿಂದ ಗ್ರೀಕರನ್ನು ಆದರ್ಶವಾಗಿಸಬೇಕಿಲ್ಲ. ಲಾರಿಯಾನ್ ಗಣಿಯಲ್ಲಿ ದುಡಿದವರು ಮುಖ್ಯವಾಗಿ ಗುಲಾಮರು. ಬೆಳ್ಳಿಯ ಬಗೆಗಿನ ಸಭೆಯಲ್ಲಿ ಅವರಿಗೆ ಸ್ಥಾನವಿರಲಿಲ್ಲ. ಹೆಂಗಸರಿಗೂ ಪರಸ್ಥಳದಿಂದ ಬಂದು ನೆಲೆಸಿದವರಿಗೂ ಇರಲಿಲ್ಲ. ನಮ್ಮ ಕೆರೆಯ ನೀರನ್ನು ಹಂಚಿದ ನೀರಗಂಟಿಗಳು ಹಲವೆಡೆ ಭೂಹೀನ ದಲಿತರು. ಕೋಲಾರದ ಗಣಿಗಿಳಿದವರಲ್ಲಿಯೂ ಬಹಳಷ್ಟು ಮಂದಿ ತಮಿಳು, ತೆಲುಗು ನಾಡುಗಳಿಂದ ಬಂದ ದಲಿತರೇ. ಪೊಲಿಸ್ ಆಗಲಿ ನಾಡಾಗಲಿ, ಅದನ್ನು ನಡೆಸಿದ ಶ್ರಮಕ್ಕೂ ಅದರ ಸದಸ್ಯತ್ವಕ್ಕೂ ನಡುವೆ ಅಂತರವಿತ್ತು.

5
‘ಪೊಲಿಸ್’ ಪದವನ್ನು ಹಾಗೆಯೇ ಉಳಿಸಿಕೊಂಡರೆ ವಿದ್ಯಾರ್ಥಿಗಳು ಅದನ್ನು ‘ಪೊಲೀಸ್’ ಎಂದು ಓದುವ ಅಪಾಯವಿದೆ. ಅದೂ ಅದೇ ಮೂಲದಿಂದ ಬಂದ ಪದವೆಂಬುದು ಬೇರೆ ಮಾತು. ರೂಢಿಗೆ ಬಂದಿರುವ ‘ನಗರರಾಜ್ಯ’ವನ್ನು ಪರಿಭಾಷೆಯಾಗಿ ಉಳಿಸಿಕೊಂಡು, ಅನುವಾದದಲ್ಲಿಯೂ ಪಾಠದಲ್ಲಿಯೂ ಸಂದರ್ಭಾನುಸಾರ ‘ಊರು’, ‘ನಾಡು’, ‘ನಾಡವರು’ ಎಂಬುವನ್ನು ಬಳಸುವುದು ಉಚಿತ. ಹಾಗೆ ಬಳಸುವಾಗ ‘ನಾಡವರು’ ಎಂಬ ಲೆಕ್ಕದಲ್ಲಿ ಯಾರು ಸೇರಿದ್ದರು, ಯಾರು ಸೇರಿರಲಿಲ್ಲ ಎಂಬುದನ್ನೂ ಜೊತೆಯಲ್ಲಿಯೇ ವಿವರಿಸಬೇಕು. ಕೋಲಾರ ಸೀಮೆಯ ಕೆರೆ ಮತ್ತು ಗಣಿಗಳಿಗೆ ಸಂಬಂಧಿಸಿದ ವೃತ್ತಿಪದಗಳ ಕ್ಷೇತ್ರಕಾರ್ಯವು ಈ ವಿವರಣೆಗೆ ಅಗತ್ಯವಾದ ಸಾಮಗ್ರಿಯನ್ನು ಒದಗಿಸಬಲ್ಲುದು.