ಸಂಸ್ಥೆಗೂ ಆತ್ಮಪರೀಕ್ಷೆ ಬೇಕು

ಪರರನ್ನು ತಿದ್ದಹೊರಡುವವನು ಮೊದಲು ತನ್ನನ್ನು ತಿದ್ದಿಕೊಳ್ಳಬೇಕೆಂಬುದು ಶರಣರ ಬೋಧೆ. ಈ ನಿಯಮವು ವ್ಯಕ್ತಿಗೆ ಮಾತ್ರವೇ ಸಲ್ಲತಕ್ಕದ್ದೋ, ಹತ್ತು ಜನ ಕೂಡಿ ನಡೆಸುವ ಶಾಲೆ, ಸಂಘ, ಪ್ರಸಾದನಿಲಯಗಳಿಗೂ ಅನ್ವಯಿಸುವುದೋ ಎಂಬುದನ್ನು ಇಲ್ಲಿ ವಿಚಾರಿಸೋಣ.

ವ್ಯಕ್ತಿಗೆ ಅಂತರಂಗವೆಂಬ ಸಾಕ್ಷಿಯುಂಟು, ಸಂಸ್ಥೆಗೆ ಅದಿಲ್ಲ. ಅಲ್ಲಿ ಒಬ್ಬರ ದೋಷವನ್ನು ಮತ್ತೊಬ್ಬರ ಮೇಲೆ ಹೊರಿಸುವುದು ಸುಲಭ. ಆದಕಾರಣ ಸಂಸ್ಥೆಯ ಆತ್ಮಪರೀಕ್ಷೆಗೆ ಎಲ್ಲರೂ ಒಪ್ಪಿದ ಅಳತೆಗೋಲೊಂದು ಬೇಕು. 1994ರಲ್ಲಿ ಸ್ಥಾಪಿತವಾದ ಬೆಂಗಳೂರಿನ ನ್ಯಾಕ್ ಪರಿಷತ್ತು ಕಾಲೇಜುಗಳಿಂದ ಅವುಗಳದೇ ಸ್ವ-ಅಧ್ಯಯನ ವರದಿಯನ್ನು ಬೇಡಿದುದು ಈ ತತ್ತ್ವಕ್ಕೆ ಅನುಗುಣವಾಗಿಯೇ ಇದೆ. ಶಾಲೆಗಳಿಗಾಗಿ 2015ರಲ್ಲಿ ಆರಂಭವಾದ 'ಶಾಲಾ ಸಿದ್ಧಿ'ಯ ಮಾರ್ಗವೂ ಇದೇ.

ಅದು 7 ಕ್ಷೇತ್ರಗಳನ್ನೂ 46 ಮಾನದಂಡಗಳನ್ನೂ ಗೊತ್ತುಪಡಿಸಿತು. ಸೌಲಭ್ಯ, ಬೋಧನೆ, ಮಕ್ಕಳ ಪ್ರಗತಿ, ಶಿಕ್ಷಕರ ವೃತ್ತಿವಿಕಾಸ, ಆಡಳಿತ, ಎಲ್ಲ ಮಕ್ಕಳ ಒಳಗೊಳ್ಳುವಿಕೆ ಹಾಗೂ ಆರೋಗ್ಯ-ಸುರಕ್ಷತೆ, ಸಮುದಾಯದ ಸಹಭಾಗ ಇವೇ ಆ ಕ್ಷೇತ್ರಗಳು. ಪ್ರತಿಯೊಂದು ಮಾನದಂಡದಲ್ಲಿಯೂ ತಾನು 3 ಹಂತಗಳ ಪೈಕಿ ಎಲ್ಲಿ ನಿಂತಿರುವೆನೆಂದು ಶಾಲೆಯೇ ಗುರುತಿಸಿ, ಯಾವುದನ್ನು ಮೊದಲು ಸುಧಾರಿಸಬೇಕೆಂದು ನಿರ್ಧರಿಸಿ, ಕಾರ್ಯಯೋಜನೆಯನ್ನು ರಚಿಸಬೇಕೆಂಬುದು ಅದರ ವಿಧಿ.

ಕಂಪಲಾಪುರದಂತಹ ಊರಿನ ಶಾಲೆಯೊಂದನ್ನು ಊಹಿಸೋಣ. ಗ್ರಂಥಾಲಯದಲ್ಲಿ ಪುಸ್ತಕಗಳಿವೆ, ಆದರೆ ಕಪಾಟಿಗೆ ಬೀಗ. ಸೌಲಭ್ಯವುಂಟೆಂದು ಮೇಲಿನ ಹಂತವನ್ನು ಬರೆದುಕೊಂಡರೆ ಕಾಗದ ತುಂಬುವುದೇ ಹೊರತು ಮಗುವಿಗೆ ಓದು ಬಾರದು. ಹೊಗೆಸೊಪ್ಪಿನ ಕೊಯ್ಲಿನಲ್ಲಿ ಹಾಜರಿ ಕುಗ್ಗುವುದಾದರೆ, ಅದನ್ನು ವರ್ಷದ ಸರಾಸರಿಯ ಮರೆಯಲ್ಲಿ ಅಡಗಿಸದೆ, ಆ ತಿಂಗಳುಗಳ ಲೆಕ್ಕವನ್ನೇ ಬೇರೆ ತೆಗೆದು ಪಾಲಕರೊಡನೆ ಕುಳಿತು ಮಾತನಾಡಬೇಕು.

ಇಲ್ಲೊಂದು ಆಕ್ಷೇಪಣೆಯುಂಟು: ತನ್ನನ್ನು ತಾನೇ ಅಳೆಯುವವನು ಹೆಚ್ಚು ಅಂಕ ಕೊಟ್ಟುಕೊಳ್ಳನೇ? ಕೊಟ್ಟುಕೊಂಡಾನು. ಅದರಿಂದಲೇ ಹೊರಗಿನವರ ಮೌಲ್ಯಮಾಪನಕ್ಕೂ ಅಲ್ಲಿ ಎಡೆಯಿದೆ. ಆದರೆ ಹೊರಗಿನವರು ನೋಡಿ ಹೋಗುವವರು. ಒಳಗಿನವರು ದಿನವೂ ಇರುವವರು. ದೋಷವನ್ನು ಒಪ್ಪಿದವರಿಗೆ ದಂಡನೆಯೇ ಫಲವಾದರೆ ಯಾರೂ ನಿಜವನ್ನು ಬರೆಯರು. ಆದುದರಿಂದ ಕೆಳಗಿನ ಹಂತವನ್ನು ಬರೆದ ಶಿಕ್ಷಕರನ್ನು ಆಡಳಿತಮಂಡಲಿಯು ದೂಷಿಸದೆ, ಅವರಿಗೆ ಯಾವ ನೆರವು ಬೇಕೆಂದು ಕೇಳತಕ್ಕದ್ದು.

ಕಾಯಕದಲ್ಲಿ ಕೊರತೆಯಿದ್ದರೆ ದಾಸೋಹವೂ ಕುಂದುವುದು. ಶಾಲೆ, ಹಾಲಿನ ಸಂಘ, ಪ್ರಸಾದನಿಲಯಗಳಲ್ಲಿ ಸೇವೆ ಸಲ್ಲಿಸುವ ಸದ್ಭಕ್ತರು ವರ್ಷಕ್ಕೊಮ್ಮೆಯಾದರೂ ಒಟ್ಟಿಗೆ ಕುಳಿತು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ನಾವು ಎಲ್ಲಿದ್ದೇವೆ? ಅದಕ್ಕೆ ಸಾಕ್ಷಿಯೇನು? ಮೊದಲು ಯಾವುದನ್ನು ತಿದ್ದುವೆವು? ಬರೆದಿಟ್ಟ ಉತ್ತರವನ್ನು ಮರುವರ್ಷ ತಪ್ಪದೆ ತೆರೆದು ನೋಡಲಿ.